ಮೇಷ್ಟ್ರೂ ಕಂಪೈಲರ್ರೂ

“ಪ್ರೋಗ್ರಾಂ ಬರೆದು ಮುಗೀತು ಅಂದಿದ್ದೆ ನೀನು. ಮತ್ತೆ ಎಂಥದು ಬರೆಯೋದು ಬೆಳಗಿಂದ?”

ನಮ್ಮ ಮತ್ತು ಮೇಷ್ಟ್ರ ತೋಟದ ನಡುವೆ ಇರುವುದು ಗೊಬ್ಬರದ ಗಿಡದ ಬೇಲಿ. ಸವರಿದಷ್ಟೂ ಚಿಗುರುವ ಜಾತಿ. ಬಾವಿಕಟ್ಟೆಯ ಹತ್ತಿರ ಮಾತ್ರ ಸೊಂಟದೆತ್ತರಕ್ಕೆ ಸವರಿಟ್ಟಿದ್ದೇವೆ, ಮಾತಾಡಲಿಕ್ಕೆಂದೇ. ಮೇಷ್ಟ್ರು ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಮಾಡಿ ನಿವೃತ್ತರಾದವರು. ಅವರ ತಾಯಿಯ ತವರು ಮತ್ತೂರು. ತುಂಗೆಯ ದಂಡೆಯ ಮೇಲೆ, ಮನೆಮಾತಿನಲ್ಲೂ ಸಂಸ್ಕೃತ ಕೇಳಿಸುವ ಊರು. ಬೇಸಿಗೆ ರಜೆಯಲ್ಲಿ ಅಲ್ಲಿ ಸೋದರಮಾವನ ಎದುರು ಕೂತು ವ್ಯಾಕರಣ ಕಲಿತವರು. ಹಾಗಾಗಿ ನನ್ನ ಕೆಲಸದ ವಿಷಯ ಅವರು ಕೇಳಿದರೆ ತೇಲಿಸಿ ಉತ್ತರ ಕೊಡಲಾಗುವುದಿಲ್ಲ. ಎರಡನೆಯ ಪ್ರಶ್ನೆ ಬಂದೇ ಬರುತ್ತದೆ.

“ಪ್ರೋಗ್ರಾಂ ಮುಗಿದಿದೆ ಮೇಷ್ಟ್ರೇ. ಅದರಲ್ಲಿ ಹಚ್ಚಿರೋ ಆಟ್ರಿಬ್ಯೂಟ್‌ಗಳಿಗೆ ವಿವರಣೆ ಬರೀತಿದೀನಿ. ಹೊಸದಾಗಿ ಸೇರಿದ ಹುಡುಗರು ಇನ್ಮುಂದೆ ಅದನ್ನ ನೋಡ್ಕೋಬೇಕಲ್ಲ.”

“ಆಟ್ರಿಬ್ಯೂಟ್ ಅಂದ್ರೆ?”

ಬಂತಲ್ಲ ಎರಡನೆಯ ಪ್ರಶ್ನೆ. ಲ್ಯಾಪ್‌ಟಾಪ್ ಜಗಲಿಯಲ್ಲಿಟ್ಟು ಬೇಲಿಯ ಹತ್ತಿರ ಹೋದೆ.

ನಾವು ಮಾಡುವುದು ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್. ಮನೆಯಲ್ಲಿ ಕೂತು ಫೋನು ಒತ್ತಿದರೆ ಬೋರಿನ ಮೋಟಾರ್ ಚಾಲೂ ಆಗಬೇಕು, ನೀರು ಕೆಳಗಿಳಿದರೆ ತಾನಾಗಿ ನಿಲ್ಲಬೇಕು, ನಿಂತದ್ದನ್ನು ಎಸ್ಸೆಮ್ಮೆಸ್ಸಿನಲ್ಲಿ ಹೇಳಬೇಕು. ತ್ರೀಫೇಸ್ ಕರೆಂಟು ಅರ್ಧರಾತ್ರಿ ಬರುವ ಊರುಗಳಲ್ಲಿ ಇದರ ಬೆಲೆ ಏನೆಂದು ಅಡಿಕೆ ತೋಟ ಇಟ್ಟುಕೊಂಡವರಿಗೆ ಗೊತ್ತು. ಪೆಟ್ಟಿಗೆಯ ಒಳಗಿರುವ ಚಿಪ್ಪು ಎಟಿಮೆಗಾ 328ಪಿ. ಪ್ರೋಗ್ರಾಂ ಇಡಲಿಕ್ಕೆ 32 ಕಿಲೋಬೈಟ್ ಫ್ಲ್ಯಾಷ್, ಓಡುವಾಗ ಲೆಕ್ಕ ಹಿಡಿದಿಡಲಿಕ್ಕೆ ಬರೀ 2 ಕಿಲೋಬೈಟ್ ರ‍್ಯಾಮ್. ನಾನು ಸಿ ಭಾಷೆಯಲ್ಲಿ ಬರೆದದ್ದನ್ನು ಈ ಚಿಪ್ಪಿಗೆ ತಿಳಿಯುವ ಅಂಕೆಗಳಿಗೆ ಇಳಿಸುವುದು ಕಂಪೈಲರ್. ನಮ್ಮದು ಜಿಸಿಸಿ, ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಹೊರತಂದದ್ದು. ಅಂದಿನಿಂದ ಲೋಕದ ಎಷ್ಟೋ ಮಂದಿ ಸೇರಿ ಬೆಳೆಸುತ್ತ ಬಂದಿದ್ದಾರೆ.

“ಫಂಕ್ಷನ್ ಅಂದ್ರೆ ಒಂದು ಕೆಲಸ, ವೇರಿಯಬಲ್ ಅಂದ್ರೆ ಬೆಲೆ ಇಟ್ಕೊಳ್ಳೋ ಜಾಗ. ಇಷ್ಟು ಗೊತ್ತಲ್ಲ ಮೇಷ್ಟ್ರೇ. ಅದರ ಹೆಸರಿನ ಪಕ್ಕ ಒಂದು ಗುರುತು ಹಚ್ಚಬಹುದು. ಆ ಗುರುತು ತಾನಾಗಿ ಏನೂ ಲೆಕ್ಕ ಮಾಡಲ್ಲ. ಈ ಫಂಕ್ಷನ್ನಿನ ಸ್ವಭಾವ ಇಂಥದ್ದು, ಈ ವೇರಿಯಬಲ್ ಇಂಥ ಕಡೆ ಇರಲಿ ಅಂತ ಕಂಪೈಲರಿಗೆ ಹೇಳತ್ತೆ. ಕಂಪೈಲರು ಅದನ್ನ ಮನಸ್ಸಲ್ಲಿಟ್ಕೊಂಡು ಕೋಡು ಇಳಿಸತ್ತೆ. ಕೊನೆಗೆ ಚಿಪ್ಪಿನೊಳಗೆ ಹುಡುಕಿದ್ರೆ ಆ ಗುರುತು ಇರಲ್ಲ, ಅದರ ಪರಿಣಾಮ ಮಾತ್ರ ಇರತ್ತೆ.”

ಮೇಷ್ಟ್ರು ಕೈಯಲ್ಲಿದ್ದ ಕತ್ತಿಯನ್ನು ಬೇಲಿಯ ಕೊಂಬೆಗೆ ಸಿಕ್ಕಿಸಿದರು. “ಇದು ಅನುಬಂಧ ಅಲ್ವೇನೇ!”

ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠದಲ್ಲಿ ಸುಮಾರು 2000 ಧಾತುಗಳಿವೆಯಂತೆ. ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ಪದ್ಧತಿಯಲ್ಲಿ ಎಷ್ಟೋ ಧಾತುಗಳಿಗೆ ಹಿಂದೆ ಮುಂದೆ ಅಕ್ಷರಗಳನ್ನು ಅಂಟಿಸಿದೆ; ಅವೇ ಅನುಬಂಧ. ‘ಮಾಡು’ ಎಂಬ ಅರ್ಥದ ‘ಕೃ’ ಅಲ್ಲಿ ಬರಿಯ ‘ಕೃ’ ಆಗಿ ಸಿಗುವುದಿಲ್ಲ, ‘ಡುಕೃಞ್’ ಎಂದಿರುತ್ತದೆ. ಹಿಂದಿನ ‘ಡು’ ಒಂದು ಗುರುತು, ಮುಂದಿನ ‘ಞ್’ ಇನ್ನೊಂದು. ಪದ ಸಿದ್ಧವಾಗುವ ಹೊತ್ತಿಗೆ ಎರಡೂ ಲೋಪ. ಆದರೆ ಮಾಯವಾಗುವ ಮೊದಲು ತಮ್ಮ ಕೆಲಸ ಮಾಡಿರುತ್ತವೆ. ‘ಞ್’ ಇರುವುದರಿಂದ ಆ ಧಾತುವಿಗೆ ಪರಸ್ಮೈಪದ, ಆತ್ಮನೇಪದ ಎಂಬ ಎರಡೂ ಬಗೆಯ ಕ್ರಿಯಾರೂಪ ಬರುತ್ತವೆ. ‘ಡು’ ಇರುವುದರಿಂದ ಒಂದು ವಿಶೇಷ ಪ್ರತ್ಯಯ ಹತ್ತುತ್ತದೆ.

“ಆ ‘ಡು’ ಇರೋದಕ್ಕೇ ನಾವು ಇವತ್ತು ಕೃತ್ರಿಮ ಅಂತೀವಿ ನೋಡು. ಕೃತ್ರಿಮ ಅನ್ನೋ ಪದದಲ್ಲಿ ಎಲ್ಲಾದ್ರೂ ‘ಡು’ ಕಾಣ್ಸತ್ತಾ? ಇಲ್ಲ. ಅಡುಗೆ ಆಗಿದ್ದಕ್ಕೆ ಪಕ್ತ್ರಿಮ ಅಂತಾರೆ, ಅಲ್ಲೂ ಇದೇ. ಪಚ್ ಧಾತುವಿಗೂ ‘ಡು’ ಅಂಟಿಸಿದಾನೆ ಪಾಣಿನಿ.”

ನನಗೆ ಮೈ ಜುಮ್ಮೆಂದಿತು. ಪಾಣಿನಿಗೂ ಕಂಪ್ಯೂಟರಿಗೂ ನಂಟು ಕಟ್ಟುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ, ಹೆಚ್ಚಿನವು ಗಾಳಿಯಲ್ಲಿ ತೇಲುತ್ತವೆ. ಇದು ಹಾಗಲ್ಲ. ಗುರುತು ಹಚ್ಚುವುದು, ಅದನ್ನು ನೋಡಿ ನಿಯಮ ನಡೆಯುವುದು, ಆಮೇಲೆ ಗುರುತು ಅಳಿಯುವುದು: ಈ ಮೂರು ಹೆಜ್ಜೆ ಎರಡು ಕಡೆಯೂ ಒಂದೇ.

“ಹಾಗಾದ್ರೆ ಇದರಲ್ಲಿ ಕಷ್ಟ ಎಂಥದು? ಯಾವ ಗುರುತಿಗೆ ಯಾವ ಕೆಲಸ ಅಂತ ಪಟ್ಟಿ ಮಾಡಿಟ್ರೆ ಮುಗೀತು” ಎಂದರು.

ಮುಗಿಯುವುದಿಲ್ಲ. ಯಾಕೆಂದು ಹೇಳಲಿಕ್ಕೆ ಪ್ಯೂರ್ ಎಂಬ ಆಟ್ರಿಬ್ಯೂಟನ್ನು ಎತ್ತಿಕೊಂಡೆ. ಒಂದು ಫಂಕ್ಷನ್ನಿಗೆ ಪ್ಯೂರ್ ಎಂದು ಹಚ್ಚಿದರೆ ಕಂಪೈಲರಿಗೆ ನಾವು ಮಾತು ಕೊಟ್ಟಂತೆ: ಇದು ಹೊರಗಿನ ಯಾವುದನ್ನೂ ಬದಲಿಸುವುದಿಲ್ಲ, ಪ್ರೋಗ್ರಾಮಿನ ಸ್ಥಿತಿ ಮಧ್ಯೆ ಬದಲಾಗದಿದ್ದರೆ ಎಷ್ಟು ಸಲ ಕರೆದರೂ ಅದೇ ಉತ್ತರ ಬರುತ್ತದೆ. ಪದದ ಉದ್ದ ಅಳೆಯುವ ಫಂಕ್ಷನ್ ಅಂಥದ್ದು. ಈ ಮಾತು ಸಿಕ್ಕರೆ ಕಂಪೈಲರು ಹತ್ತು ಸಲ ಕರೆಯುವ ಕಡೆ ಒಂದೇ ಸಲ ಕರೆದು, ಬಂದ ಉತ್ತರವನ್ನೇ ಇಟ್ಟುಕೊಂಡು ಮುಂದೆ ಹೋಗಬಹುದು. ಜಾಗವೂ ಉಳಿತಾಯ, ಹೊತ್ತೂ ಉಳಿತಾಯ.

“ಈಗ ಒಬ್ಬ ಹುಡುಗ ಪಟ್ಟಿ ನೋಡ್ತಾನೆ ಅಂದ್ಕೊಳ್ಳಿ. ‘ಪ್ಯೂರ್: ಏನನ್ನೂ ಬದಲಿಸದ ಫಂಕ್ಷನ್ನಿಗೆ’ ಅಂತ ಒಂದು ಸಾಲಿದೆ. ಬೋರಿನಲ್ಲಿ ನೀರಿನ ಮಟ್ಟ ಓದೋ ಫಂಕ್ಷನ್ ಇದೆಯಲ್ಲ, ಅದೂ ಏನನ್ನೂ ಬದಲಿಸಲ್ಲ, ಬರೀ ಓದತ್ತೆ. ಅವನು ಅದಕ್ಕೆ ಪ್ಯೂರ್ ಹಚ್ಚಿದ. ಆಮೇಲೆ?”

ಮೇಷ್ಟ್ರು ಯೋಚಿಸಿದರು. “ಒಂದ್ಸಲ ಓದಿದ ಮಟ್ಟವನ್ನೇ ಇಟ್ಕೊಂಡು ಕೂತ್ಕೊಳ್ಳತ್ತೆ ನಿನ್ನ ಕಂಪೈಲರು.”

“ಅಷ್ಟೇ. ‘ನೀರು ಇರೋತನಕ ಓಡಿಸು’ ಅಂತ ನಾನು ಬರೆದ ಸುತ್ತು ‘ಶುರುವಿನಲ್ಲಿ ನೀರು ಇತ್ತು, ಓಡಿಸ್ತಾ ಇರು’ ಅಂತ ಆಗಿಬಿಡಬಹುದು.”

ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬೋರಿನೊಳಗೆ ಇಳಿಸಿದ ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲಿನ ನೀರೇ. ನೀರು ಇಳಿದ ಮೇಲೂ ಅದು ತಿರುಗುತ್ತಿದ್ದರೆ ವೈಂಡಿಂಗ್ ಸುಡುತ್ತದೆ. ಮೋಟಾರ್ ಎತ್ತಬೇಕು, ಶಿವಮೊಗ್ಗಕ್ಕೆ ಹೊರಬೇಕು, ವೈಂಡಿಂಗ್ ಕಟ್ಟಿಸಬೇಕು. ಅಷ್ಟರಲ್ಲಿ ಬೇಸಿಗೆಯ ಬಿಸಿಲಿಗೆ ಸಸಿಗಳು ಬಾಡಿರುತ್ತವೆ. ಒಂದು ಪದ ತಪ್ಪು ಕಡೆ ಹಚ್ಚಿದ್ದಕ್ಕೆ ಇಷ್ಟು ದಂಡ ಬೀಳಬಹುದು. ಇದರಲ್ಲಿ ಇನ್ನೊಂದು ಕೇಡಿದೆ. ಕೋಡನ್ನು ಚಿಕ್ಕದು, ಚುರುಕು ಮಾಡುವ ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಮೇಜಿನ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಚಿಪ್ಪಿನಲ್ಲಿ ಜಾಗ ಸಾಲದೆಂದು ಆಪ್ಟಿಮೈಸೇಶನ್ ಹಾಕಿ ತೋಟಕ್ಕೆ ಕಳಿಸಿದಾಗ ಗುಣ ತೋರಿಸುತ್ತದೆ.

“ತಪ್ಪು ಹಚ್ಚಿದ್ರೆ ಕಂಪೈಲರು ಬೈಯಲ್ವಾ?”

“ಕೆಲವಕ್ಕೆ ಎಚ್ಚರಿಕೆ ಕೊಡತ್ತೆ ಮೇಷ್ಟ್ರೇ. ನೋರಿಟರ್ನ್ ಅಂತ ಒಂದಿದೆ, ಕರೆದವರ ಹತ್ತಿರ ಮತ್ತೆ ವಾಪಸ್ ಬರದ ಫಂಕ್ಷನ್ನಿಗೆ ಹಚ್ಚೋದು. ಅದನ್ನ ಹಚ್ಚಿ ವಾಪಸ್ ಬರೋ ದಾರಿ ಬಿಟ್ಟಿದ್ರೆ ಹೇಳತ್ತೆ. ಹೆಸರು ತಪ್ಪು ಬರೆದ್ರೂ, ‘ಇಂಥದ್ದು ನಂಗೆ ಗೊತ್ತಿಲ್ಲ’ ಅಂತ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗತ್ತೆ. ಆದ್ರೆ ಸೆನ್ಸರ್ ಓದೋ ಫಂಕ್ಷನ್ನಿನ ಘೋಷಣೆ ಒಂದು ಫೈಲಿನಲ್ಲಿ, ಒಡಲು ಇನ್ನೊಂದು ಫೈಲಿನಲ್ಲಿ ಇದ್ರೆ ಅದಕ್ಕೆ ಹೇಗೆ ಗೊತ್ತಾಗತ್ತೆ? ನಾವು ಹೇಳಿದ್ದನ್ನ ನಂಬತ್ತೆ.”

“ನಂಬಿದವರಿಗೆ ಮೋಸ ಆಗಬಾರದು” ಎಂದರು ಮೇಷ್ಟ್ರು, ಕಂಪೈಲರಿನ ಪರವಾಗಿ, ನಿಜವಾದ ಕಾಳಜಿಯಿಂದ. ನನಗೆ ಅವರು ಇಷ್ಟವಾಗುವುದು ಇಂಥ ಕಾರಣಕ್ಕೆ.

ಆಮೇಲೆ ಅವರು ಕಾಶಿಕೆಯ ಮಾತು ತೆಗೆದರು. ಏಳನೆಯ ಶತಮಾನದ ಸುಮಾರಿಗೆ ಜಯಾದಿತ್ಯ ಮತ್ತು ವಾಮನ ಪಾಣಿನಿಯ ಸೂತ್ರಗಳಿಗೆ ಬರೆದ ವೃತ್ತಿ, ಅಂದರೆ ವಿವರಣೆ ಅದು. ಸುಮಾರು 4000 ಸೂತ್ರಗಳು, ಒಂದೊಂದೂ ಉಸಿರು ಬಿಗಿಹಿಡಿದು ಹೇಳಿದಷ್ಟು ಚಿಕ್ಕದು. ವೃತ್ತಿಕಾರರು ಸೂತ್ರದ ಅರ್ಥ ಬಿಡಿಸುತ್ತಾರೆ, ಅದು ಎಲ್ಲಿ ನಡೆಯುತ್ತದೆ ಎಂದು ಉದಾಹರಣೆ ಕೊಡುತ್ತಾರೆ. ಅಲ್ಲಿಗೇ ನಿಲ್ಲಿಸುವುದಿಲ್ಲ. ಸೂತ್ರದಲ್ಲಿ ಈ ಪದ ಯಾಕೆ ಇದೆ ಎಂದು ತಾವೇ ಕೇಳಿಕೊಂಡು, ಅದು ಇಲ್ಲದಿದ್ದರೆ ಯಾವ ತಪ್ಪು ರೂಪ ನುಗ್ಗಿಬಿಡುತ್ತಿತ್ತು ಎಂದೂ ತೋರಿಸುತ್ತಾರೆ. ಅದಕ್ಕೆ ಪ್ರತ್ಯುದಾಹರಣೆ ಎನ್ನುತ್ತಾರೆ.

“ನಮ್ಮ ಮಾವ ಪಾಠ ಒಪ್ಪಿಸ್ಕೊಳ್ಳುವಾಗ ಉದಾಹರಣೆ ಕೇಳ್ತಿರಲಿಲ್ಲ ಕಣೇ. ಅದು ಯಾರಿಗಾದ್ರೂ ಬಾಯಿಪಾಠ ಬರತ್ತೆ ಅಂತಿದ್ರು. ಪ್ರತ್ಯುದಾಹರಣೆ ಹೇಳು, ಆಗ ನಿಂಗೆ ಸೂತ್ರ ತಿಳಿದಿದೆ ಅಂತ ಒಪ್ತೀನಿ ಅಂತಿದ್ರು.”

ನಾನು ಬೆಳಗಿನಿಂದ ತಡಕಾಡುತ್ತಿದ್ದದ್ದು ಇದನ್ನೇ. ಆಟ್ರಿಬ್ಯೂಟಿನ ವಿವರಣೆಯಲ್ಲಿ ಅದು ಏನು ಮಾಡುತ್ತದೆ ಎಂದು ಬರೆಯುವುದು ಸುಲಭ, ಎಲ್ಲರೂ ಬರೆಯುತ್ತಾರೆ. ಎಲ್ಲಿ ಹಚ್ಚಬಾರದು, ಹಚ್ಚಿದರೆ ಏನಾಗುತ್ತದೆ ಎಂಬುದಿಲ್ಲದಿದ್ದರೆ ಆ ವಿವರಣೆ ಅರ್ಧವೇ. ಯಾಕೆಂದರೆ ಇದು ಪರೀಕ್ಷೆಗೆ ಸಿಗದ ಮಾತು. ಮಾಮೂಲಿ ಕೋಡು ತಪ್ಪಿದರೆ ಕಂಪೈಲರೋ ಪರೀಕ್ಷೆಯೋ ಹಿಡಿಯುತ್ತದೆ. ಕೊಟ್ಟ ಮಾತು ತಪ್ಪಿದರೆ ಹಿಡಿಯಬೇಕಾದದ್ದು ಓದುವ ಮನುಷ್ಯ; ಅವನ ಕೈಗೆ ನಾವು ಕೊಡಬಹುದಾದದ್ದು ಈ ಬರಹ ಒಂದೇ.

ಜಿಸಿಸಿ ಕೈಪಿಡಿ ಬರೆದವರಿಗೆ ಇದು ಗೊತ್ತಿತ್ತು ಎಂದು ಮೇಷ್ಟ್ರಿಗೆ ಹೇಳಿದೆ. ಪ್ಯೂರ್ ಬಗ್ಗೆ ಅದು ಹೇಳುವಾಗ ಮೊದಲು ಪದದ ಉದ್ದ ಅಳೆಯುವುದು, ಎರಡು ಮೆಮೊರಿ ತುಣುಕನ್ನು ಹೋಲಿಸುವುದು, ಇವೆಲ್ಲ ಪ್ಯೂರ್ ಎನ್ನುತ್ತದೆ. ಬಹುಕಾಲದಿಂದ ಅದರ ಪಕ್ಕದಲ್ಲೇ ಇನ್ನೊಂದು ಮಾತೂ ಇತ್ತು: ಪ್ಯೂರ್‌ನಂತೆ ಕಂಡೂ ಪ್ಯೂರ್ ಅಲ್ಲದವು ಯಾವುವು ಎಂದು. ಎಂದೂ ಮುಗಿಯದ ಸುತ್ತು ಇರುವಂಥವು, ಎರಡು ಕರೆಗಳ ನಡುವೆ ತಾನಾಗಿ ಬದಲಾಗುವ ಮೆಮೊರಿಯನ್ನೋ ಬೇರೆ ಸಂಪನ್ಮೂಲವನ್ನೋ ನೆಚ್ಚಿದಂಥವು. ಫೈಲು ಮುಗಿಯಿತೇ ಎಂದು ನೋಡುವ ಫಂಕ್ಷನ್ನನ್ನು ಹೆಸರಿಸಿ, ಹಲವು ಎಳೆಗಳು ಒಟ್ಟಿಗೆ ಓಡುವಾಗ ಇದು ಪ್ಯೂರ್ ಅಲ್ಲ ಎಂದಿತ್ತು.

“ನೋಡು, ಪ್ರತ್ಯುದಾಹರಣೆ ಕೊಟ್ಟಿದಾರೆ!” ಮೇಷ್ಟ್ರಿಗೆ ದೂರದ ನೆಂಟರು ಸಿಕ್ಕಷ್ಟು ಸಂತೋಷ.

ಅವರ ಮನೆಯಾಕೆ, ನಮಗೆಲ್ಲ ದೊಡ್ಡಮ್ಮ, ಒಳಗಿನಿಂದ ಕರೆದು ಅಡಿಕೆ ಹೆಕ್ಕುವುದು ಇವತ್ತೋ ನಾಳೆಯೋ ಎಂದು ಕೇಳಿದರು. ನಾಳೆ ಎಂದು ಕೂಗಿ ಮೇಷ್ಟ್ರು ನನ್ನ ಕಡೆ ತಿರುಗಿದರು. “ಇದು ಫಂಕ್ಷನ್ನಿನ ಕಥೆ ಆಯ್ತು. ವೇರಿಯಬಲ್ಲಿಗೂ ಹಚ್ತಾರೆ ಅಂದ್ಯಲ್ಲ?”

ಅದು ನಮ್ಮ ಕನ್ನಡಕ್ಕೇ ಸಂಬಂಧಪಟ್ಟದ್ದು. ಎಸ್ಸೆಮ್ಮೆಸ್ಸು ಕನ್ನಡದಲ್ಲೇ ಹೋಗಬೇಕು ಎಂಬುದು ನನ್ನ ಹಟ. ‘ಮೋಟಾರ್ ಚಾಲೂ ಆಗಿದೆ’ ಎಂಬ ಸಾಲನ್ನು ತೆಗೆದುಕೊಳ್ಳಿ. ಯುನಿಕೋಡ್ ಲೆಕ್ಕದಲ್ಲಿ ಅಕ್ಷರ, ಸ್ವರಚಿಹ್ನೆ, ವಿರಾಮ ಎಲ್ಲ ಬಿಡಿಸಿದರೆ ಕನ್ನಡದ 15 ಸಂಕೇತ, ನಡುವೆ 2 ಖಾಲಿ ಜಾಗ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 45, ಖಾಲಿ ಜಾಗದ್ದು 2, ಸಾಲು ಮುಗಿಯಿತು ಎಂದು ತಿಳಿಸುವ ಸೊನ್ನೆ 1. ಒಟ್ಟು 48 ಬೈಟ್. ಇಂಥ 40 ಸಂದೇಶ ಇಟ್ಟರೆ 1,920 ಬೈಟ್. ಚಿಪ್ಪಿನ ರ‍್ಯಾಮ್ ಇರುವುದೇ 2,048 ಬೈಟ್. ಸುಮ್ಮನೆ ಬರೆದರೆ ಚಾಲೂ ಆಗುವಾಗ ಎಲ್ಲ ಸಂದೇಶಗಳೂ ರ‍್ಯಾಮಿಗೆ ನಕಲಾಗಿ, ಲೆಕ್ಕ ಮಾಡಲಿಕ್ಕೆ ಜಾಗವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆದುಬಿಡೋಣ ಎಂದು ಹಲವರು ಸೋಲುವುದು ಇಲ್ಲೇ.

ಇದಕ್ಕೆ ಪ್ರೋಗ್‌ಮೆಮ್ ಎಂಬ ಆಟ್ರಿಬ್ಯೂಟ್ ಇದೆ. ವೇರಿಯಬಲ್ಲಿಗೆ ಅದನ್ನು ಹಚ್ಚಿದರೆ ಸಂದೇಶ ಫ್ಲ್ಯಾಷಿನಲ್ಲೇ ಉಳಿಯುತ್ತದೆ. ಅಲ್ಲಿ 32 ಕಿಲೋಬೈಟ್ ಜಾಗ, ಕನ್ನಡ ಆರಾಮಾಗಿ ಕೂರುತ್ತದೆ.

“ಸರಿ ಹೋಯ್ತಲ್ಲ ಮತ್ತೆ.”

“ಇಡೋದು ಸರಿ ಹೋಯ್ತು ಮೇಷ್ಟ್ರೇ, ಓದೋದು ಬೇರೆ. ಈ ಚಿಪ್ಪಿನಲ್ಲಿ ಫ್ಲ್ಯಾಷಿಗೂ ರ‍್ಯಾಮಿಗೂ ವಿಳಾಸದ ಸಾಲು ಬೇರೆ ಬೇರೆ. ಫ್ಲ್ಯಾಷಿನಲ್ಲಿ 300ನೇ ಮನೆ ಇದ್ರೆ ರ‍್ಯಾಮಿನಲ್ಲೂ 300ನೇ ಮನೆ ಇದೆ. ಫ್ಲ್ಯಾಷಿನಿಂದ ಓದೋದಕ್ಕೆ ಬೇರೆ ಸೂಚನೆ ಕೊಡಬೇಕು. ಅದು ಗೊತ್ತಿಲ್ದೆ ಮಾಮೂಲಿ ಥರ ಓದಿದ್ರೆ ರ‍್ಯಾಮಿನ 300ರಲ್ಲಿ ಏನು ಬಿದ್ದಿದ್ಯೋ ಅದೇ ಬರತ್ತೆ. ರೈತರ ಫೋನಿಗೆ ಅರ್ಥವಿಲ್ಲದ ಅಕ್ಷರ ಹೋಗತ್ತೆ.”

“ಅಂದ್ರೆ ಹಚ್ಚಿದ ಕಡೆ ಮಾತ್ರ ಬರೆದ್ರೆ ಸಾಲದು. ಅದನ್ನ ಬಳಸೋ ಕಡೆಯವನಿಗೂ ಹೇಳ್ಬೇಕು.”

ಹೌದು, ಇದನ್ನು ನಾನು ಅಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಗುರುತು ಹಚ್ಚುವವನು ಒಬ್ಬ, ಅದರ ಫಲ ಉಣ್ಣುವವನು ಇನ್ನೊಬ್ಬ. ಜಿಸಿಸಿ ಕೈಪಿಡಿಯಲ್ಲಿ ಪ್ರೋಗ್‌ಮೆಮ್ ಬಗ್ಗೆ ಬರೆದಲ್ಲಿ ಹೇಗೆ ಇಡಬೇಕು ಎಂಬುದರ ಜೊತೆಗೆ ಹೇಗೆ ಓದಬೇಕು ಎಂಬ ಉದಾಹರಣೆಯೂ ಇದೆ. ನಮ್ಮ ಚಿಪ್ಪು ಸೇರಿದ ಎವಿಆರ್ ಕುಟುಂಬದ್ದೇ ಆದ ಎಟಿಟೈನಿ 817ರಂಥ ಹೊಸ ಚಿಪ್ಪುಗಳಲ್ಲಿ ಫ್ಲ್ಯಾಷೂ ರ‍್ಯಾಮಿನ ವಿಳಾಸದ ಸಾಲಿನಲ್ಲೇ ಕಾಣಿಸುವುದರಿಂದ ಈ ತಾಪತ್ರಯವೇ ಇಲ್ಲ. ಚಿಪ್ಪು ಬದಲಾಯಿಸಿದರೆ ವಿವರಣೆಯೂ ಬದಲಾಗಬೇಕು. ಇವತ್ತು ಬರೆದು ಮರೆಯುವ ಬರಹವಲ್ಲ ಇದು.

ಯಂತ್ರದಿಂದ ಯಂತ್ರಕ್ಕೆ ಹೀಗೆ ಬದಲಾಗುವವು ನೂರಾರು. ಇಂಟರಪ್ಟ್ ಎಂಬ ಒಂದೇ ಹೆಸರು ನೋಡಿ. ಹೊರಗಿನಿಂದ ತುರ್ತು ಸಂಕೇತ ಬಂದಾಗ ಕೈಲಿದ್ದದ್ದನ್ನು ಬಿಟ್ಟು ಓಡಬೇಕಾದ ಫಂಕ್ಷನ್ನಿಗೆ ಅದನ್ನು ಹಚ್ಚುತ್ತಾರೆ. ಎಆರ್‌ಎಂ ಎಂಬ ಇನ್ನೊಂದು ಕುಟುಂಬದ ಚಿಪ್ಪಿನಲ್ಲಿ ಅದರ ಜೊತೆ ಯಾವ ಬಗೆಯ ಸಂಕೇತ ಎಂದು ಕೊಡಬಹುದು. ಎವಿಆರ್‌ನಲ್ಲಿ ಇಂಟರಪ್ಟ್, ಸಿಗ್ನಲ್ ಎಂದು ಎರಡಿವೆ. ಇಂಟರಪ್ಟ್ ಹಚ್ಚಿದರೆ ಒಳಗೆ ಕಾಲಿಟ್ಟ ಕೂಡಲೇ ಮತ್ತೊಂದು ತುರ್ತು ಸಂಕೇತಕ್ಕೆ ಬಾಗಿಲು ತೆರೆಯುತ್ತದೆ, ಸಿಗ್ನಲ್ ಹಚ್ಚಿದರೆ ಮುಚ್ಚಿಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಸಿಗ್ನಲ್ ಸದ್ದಿಲ್ಲದೆ ಬಿದ್ದುಹೋಗುತ್ತದೆ ಎಂದು ಕೈಪಿಡಿ ಬರೆದಿಟ್ಟಿದೆ. ಆ ಒಂದು ವಾಕ್ಯ ಇಲ್ಲದಿದ್ದರೆ ಎಷ್ಟು ರಾತ್ರಿ ಕೆಡುತ್ತಿತ್ತೋ.

ಹಳೆಯ ಕೈಪಿಡಿಗಳಲ್ಲಿ ಇವೆಲ್ಲ ಒಂದೇ ಉದ್ದನೆಯ ಪಟ್ಟಿ. ಅಕಾರಾದಿಯಲ್ಲಿ ಜೋಡಿಸಿ, ಎಲ್ಲ ಯಂತ್ರಗಳಿಗೂ ಸಲ್ಲುವವು, ಒಂದೇ ಯಂತ್ರಕ್ಕೆ ಸಲ್ಲುವವು ಎಲ್ಲವನ್ನೂ ಬೆರೆಸಿದ್ದರು. ಆಮೇಲೆ ಅದನ್ನು ಒಡೆದು ಎಲ್ಲಕ್ಕೂ ಸಾಮಾನ್ಯವಾದವು ಒಂದು ಭಾಗ, ಎಆರ್‌ಎಂನವು ಒಂದು ಭಾಗ, ಎವಿಆರ್‌ನವು ಒಂದು ಭಾಗ, ಹೀಗೆ ಬೇರೆ ಮಾಡಿದರು. ನಮ್ಮ ಶಿವಮೊಗ್ಗದ ಸಿಂಹಧಾಮದಲ್ಲಿ ಹುಲಿಗೆ ಬೇರೆ ಕಾಡು, ಸಿಂಹಕ್ಕೆ ಬೇರೆ ಕಾಡು, ಜಿಂಕೆಗೆ ಬೇರೆ ಜಾಗ ಇರುವಂತೆ. ಸಫಾರಿ ಬಸ್ಸು ಹತ್ತಿದವನಿಗೆ ಯಾವ ಗೇಟು ದಾಟಿದ್ದೇನೆ ಎಂದು ಗೊತ್ತಿರುತ್ತದೆ.

“ಅಕಾರಾದಿ ಅನ್ನೋದು ಹುಡುಕೋರಿಗೆ, ಕಲಿಯೋರಿಗಲ್ಲ” ಎಂದರು ಮೇಷ್ಟ್ರು. “ನಿಘಂಟು ಓದಿ ಯಾರೂ ಭಾಷೆ ಕಲಿಯಲ್ಲ.”

ಈ ಮಾತಿಗೆ ನಾನು ಪೂರ್ತಿ ಒಪ್ಪಲಿಲ್ಲ. ಆಟ್ರಿಬ್ಯೂಟಿನ ವಿಷಯದಲ್ಲಿ ಹುಡುಕುವವರೇ ಹೆಚ್ಚು. ಬೇರೆಯವರ ಕೋಡಿನಲ್ಲಿ ಗುರುತು ಕಂಡು, ಇದೇನೆಂದು ಕೈಪಿಡಿ ತೆಗೆಯುತ್ತಾರೆ. ಅವರಿಗೆ ಆ ಪುಟ ಒಂದರಲ್ಲೇ ಬೇಕಾದದ್ದೆಲ್ಲ ಸಿಗಬೇಕು, ಹಿಂದಿನ ಪುಟ ಓದಿದ್ದಾರೆ ಎಂದು ಎಣಿಸಬಾರದು. ಮೇಷ್ಟ್ರು ವಾದಿಸಿದರು, ನಾನೂ ವಾದಿಸಿದೆ. ಕೊನೆಗೆ ಯಂತ್ರದ ಪ್ರಕಾರ ಬೇರೆ ಮಾಡಿ, ಅದರ ಒಳಗೆ ಅಕಾರಾದಿ ಎಂಬಲ್ಲಿಗೆ ಬಂದು ನಿಂತೆವು.

ಮೇಷ್ಟ್ರಿಗೆ ತೀರಾ ಇಷ್ಟವಾದದ್ದು ಇನ್ನೊಂದು. ಜಿಸಿಸಿ ಕೈಪಿಡಿಯಲ್ಲಿ ಬಹಳ ವರ್ಷ ಒಂದು ಸಣ್ಣ ಟಿಪ್ಪಣಿ ಇತ್ತು. ಸಿ ಭಾಷೆಯಲ್ಲಿ ಕಂಪೈಲರಿಗೆ ಸೂಚನೆ ಕೊಡಲಿಕ್ಕೆ ಪ್ರಾಗ್ಮಾ ಎಂಬ ದಾರಿ ಮೊದಲೇ ಇತ್ತು, ಅದನ್ನು ಬಿಟ್ಟು ಆಟ್ರಿಬ್ಯೂಟ್ ಎಂಬ ಹೊಸ ದಾರಿ ಯಾಕೆ ಎಂದು ಕೆಲವರು ಆಕ್ಷೇಪಿಸುತ್ತಿದ್ದರು. ಅದಕ್ಕೆ ಎರಡು ಕಾರಣ ಬರೆದಿದ್ದರು. ಮ್ಯಾಕ್ರೋದ, ಅಂದರೆ ಒಂದು ಹೆಸರಿನ ಜಾಗದಲ್ಲಿ ಬೇರೆ ಬರಹ ತುಂಬುವ ಏರ್ಪಾಡಿನ, ಒಳಗಿನಿಂದ ಪ್ರಾಗ್ಮಾವನ್ನು ಹುಟ್ಟಿಸಲು ಆಗ ಸಾಧ್ಯವಿರಲಿಲ್ಲ. ಅದೇ ಪ್ರಾಗ್ಮಾಕ್ಕೆ ಇನ್ನೊಂದು ಕಂಪೈಲರು ಯಾವ ಅರ್ಥ ಕೊಡುತ್ತದೋ ಹೇಳಲಾಗುತ್ತಿರಲಿಲ್ಲ. ಸಿ ಭಾಷೆಯ ಸಿ99 ನಿಯಮ ಬಂದ ಮೇಲೆ ಮೊದಲನೆಯ ತೊಡಕು ಕಳೆಯಿತು ಎಂಬುದನ್ನೂ ಮುಚ್ಚಿಡದೆ ಸೇರಿಸಿದ್ದರು. ಆಟ್ರಿಬ್ಯೂಟ್ ಬರೆಯುವಾಗ ಜೋಡಿ ಆವರಣ ಯಾಕೆ ಎಂಬುದಕ್ಕೂ ಹೀಗೇ ಕಾರಣವಿದೆ: ಆಟ್ರಿಬ್ಯೂಟ್ ಗೊತ್ತಿಲ್ಲದ ಕಂಪೈಲರಿನಲ್ಲಿ ಒಂದೇ ಸಾಲಿನ ಮ್ಯಾಕ್ರೋ ಬರೆದು, ಒಳಗೆ ಎಷ್ಟೇ ಗುರುತುಗಳಿದ್ದರೂ ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡಬಹುದು.

“ಯಾಕೆ ಅಂತ ಬರೆದಿಟ್ಟವನು ದೊಡ್ಡವನು” ಎಂದರು. ನಾನೂ ಹಾಗೇ ಭಾವಿಸುತ್ತೇನೆ. ಏನು ಎಂಬುದನ್ನು ಕೋಡು ಓದಿಯಾದರೂ ತಿಳಿಯಬಹುದು. ಯಾಕೆ ಎಂಬುದು ಬರೆದವನ ಜೊತೆಗೇ ಹೋಗಿಬಿಡುತ್ತದೆ.

ಬೇರೆಯವರು ಇದನ್ನು ಹೇಗೆ ನಿಭಾಯಿಸುತ್ತಾರೆ ಎಂದೂ ಕೇಳಿದರು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನಲ್ಲಿ ಪ್ರತಿ ಆಟ್ರಿಬ್ಯೂಟನ್ನೂ ಒಂದು ಫೈಲಿನಲ್ಲಿ ದಾಖಲಿಸುತ್ತಾರೆ, ಅದರಲ್ಲಿ ವಿವರಣೆಗೆಂದೇ ಒಂದು ಮನೆ ಇದೆ. ವಿವರಣೆ ಇಲ್ಲದಿದ್ದರೆ ‘ವಿವರಣೆ ಬರೆದಿಲ್ಲ’ ಎಂದು ಅಲ್ಲೇ ಬರೆಯಬೇಕು, ಸುಮ್ಮನೆ ಖಾಲಿ ಬಿಡುವಂತಿಲ್ಲ. ಆ ದಾಖಲೆಯಿಂದಲೇ ಕೈಪಿಡಿಯ ಪುಟ ಹುಟ್ಟುತ್ತದೆ. ಲಿನಕ್ಸ್ ಕರ್ನಲ್‌ನವರು 2018ರಲ್ಲಿ ತಾವು ಬಳಸುವ ಆಟ್ರಿಬ್ಯೂಟ್‌ಗಳಲ್ಲಿ ಹಲವನ್ನು ಒಂದೇ ಹೆಡರ್ ಫೈಲಿಗೆ ತಂದರು. ಒಂದೊಂದರ ಮೇಲೂ ಜಿಸಿಸಿ ಏನು ಹೇಳುತ್ತದೆ, ಕ್ಲ್ಯಾಂಗ್ ಏನು ಹೇಳುತ್ತದೆ ಎಂದು ಎರಡೂ ಕೈಪಿಡಿಗಳ ವಿಳಾಸ ಕೊಟ್ಟು, ಯಾವುದರಲ್ಲಿ ಅದು ನಡೆಯುವುದಿಲ್ಲ ಎಂದೂ ಬರೆದಿದ್ದಾರೆ. ನನ್ನ ಸಣ್ಣ ಹೆಡರಿಗೆ ನಾನು ಮಾದರಿ ಇಟ್ಟುಕೊಂಡದ್ದು ಅದನ್ನೇ.

“ಎರಡು ಕಂಪೈಲರು ಒಂದೇ ಗುರುತಿಗೆ ಬೇರೆ ಅರ್ಥ ಮಾಡ್ತಾವಾ?”

“ಒಂದೇ ಕಂಪೈಲರಿನಲ್ಲೇ ಇದೆ ಮೇಷ್ಟ್ರೇ. ಈ ಫಂಕ್ಷನ್ನಿನ ಉತ್ತರ ನೋಡ್ದೆ ಬಿಡಬೇಡಿ ಅಂತ ಹೇಳೋಕೆ ಜಿಸಿಸಿಯಲ್ಲಿ ಹಳೇ ಗುರುತೊಂದಿದೆ. 2024ರಲ್ಲಿ ಪ್ರಕಟ ಆದ ಸಿ23 ನಿಯಮದಲ್ಲಿ ಅದೇ ಕೆಲಸಕ್ಕೆ ನೋಡಿಸ್ಕಾರ್ಡ್ ಅಂತ ಹೊಸ ಗುರುತು ಬಂದಿದೆ. ಹೊಸದಕ್ಕೆ ‘ಬೇಕಂತಲೇ ಬಿಡ್ತಿದೀನಿ’ ಅಂತ ವಾಯ್ಡ್ ಹಾಕಿದ್ರೆ ಸುಮ್ಮನಾಗತ್ತೆ. ಹಳೇದು ವಾಯ್ಡ್ ಹಾಕಿದ್ರೂ ಎಚ್ಚರಿಸ್ತಾನೇ ಇರತ್ತೆ.”

“ಯಾವುದು ಒಳ್ಳೇದು?”

ಮೋಟಾರ್ ನಿಲ್ಲಿಸುವ ಫಂಕ್ಷನ್ನಿಗೆ ನಾನು ಹಳೆಯದನ್ನೇ ಹಚ್ಚಿದ್ದೇನೆ. ರಿಲೇ ಅಂಟಿಕೊಂಡು ಮೋಟಾರ್ ನಿಲ್ಲದಿದ್ದರೆ ಆ ಉತ್ತರವನ್ನು ಯಾರೂ ಸುಲಭಕ್ಕೆ ತಳ್ಳಿಹಾಕಬಾರದು. ಇದನ್ನೂ ಕಾರಣ ಸಮೇತ ಬರೆದಿದ್ದೇನೆ.

ನಾನ್‌ನಲ್ ವಿಷಯ ಹೇಳುವಾಗ ಮೇಷ್ಟ್ರ ಹುಬ್ಬು ಮೇಲೇರಿತು. ಈ ಫಂಕ್ಷನ್ನಿಗೆ ಖಾಲಿ ವಿಳಾಸ ಎಂದೂ ಬರುವುದಿಲ್ಲ ಎಂದು ಮಾತು ಕೊಡುವುದು ಅದು. ಮಾತು ಕೊಟ್ಟ ಮೇಲೂ ಎಚ್ಚರಕ್ಕಿರಲಿ ಎಂದು ಒಳಗೆ ‘ವಿಳಾಸ ಖಾಲಿ ಇದ್ದರೆ ಹಿಂದಿರುಗು’ ಎಂದು ಪರೀಕ್ಷೆ ಬರೆದರೆ, ಖಾಲಿ ಬರುವುದೇ ಇಲ್ಲ ಎಂದಿದ್ದಾರಲ್ಲ ಎಂದು ಕಂಪೈಲರು ಆ ಪರೀಕ್ಷೆಯನ್ನೇ ತೆಗೆದುಹಾಕಬಹುದು. ರಕ್ಷಣೆಗೆಂದು ಹಚ್ಚಿದ ಗುರುತೇ ಇದ್ದ ರಕ್ಷಣೆಯನ್ನು ಕೀಳುತ್ತದೆ. ಈ ಗುರುತಿನ ವಿವರಣೆಯಲ್ಲಿ ಮೊದಲ ಸಾಲೇ ಇದಾಗಬೇಕು ಎಂದು ಅವರು ಹಟ ಹಿಡಿದರು, ನಾನು ಒಪ್ಪಿದೆ.

“ನೀನು ಕೇಶಿರಾಜನ್ನ ಓದಿದೀಯೇನೇ?” ಎಂದು ಕೇಳಿದರು. ಪಿಯುಸಿಯಲ್ಲಿ ಎಲ್ಲೋ ನಾಲ್ಕು ಪದ್ಯ ಕಂಡ ನೆನಪು. ಅವರು ಬಿಡಿಸಿ ಹೇಳಿದರು. ಅವನು ಸುಮಾರು 1260ರಲ್ಲಿ ಬರೆದ ಕನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಸೂತ್ರ ಕಂದಪದ್ಯದಲ್ಲಿದೆ. ಅದರ ಕೆಳಗೆ ಅವನೇ ಗದ್ಯದಲ್ಲಿ ವೃತ್ತಿ ಬರೆದಿದ್ದಾನೆ. ಅದರ ಕೆಳಗೆ ಹಿಂದಿನ ಕವಿಗಳ ಕಾವ್ಯದಿಂದ ಆಯ್ದ ಪ್ರಯೋಗಗಳು. ತಾನೇ ಕಟ್ಟಿದ ಉದಾಹರಣೆಗಿಂತ ನಿಜವಾಗಿ ಬಳಕೆಯಲ್ಲಿದ್ದದ್ದನ್ನು ಎತ್ತಿ ತೋರಿಸಿದ. ಅವನ ತಂದೆ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದವನು; ಮಗನಿಗೆ ಹಿಂದಿನವರ ಪದ್ಯಗಳ ಭಂಡಾರ ಮನೆಯಲ್ಲೇ ಇತ್ತು.

“ಸೂತ್ರ, ವೃತ್ತಿ, ಪ್ರಯೋಗ. ಕಾಶಿಕೆಯಿಂದ ಪ್ರತ್ಯುದಾಹರಣೆ ತಗೋ. ನಾಲ್ಕಾಯ್ತು. ಇದಕ್ಕಿಂತ ಇನ್ನೆಂಥ ಬೇಕು?”

“ಯಾವ ಕಂಪೈಲರು, ಎಷ್ಟನೇ ಆವೃತ್ತಿಯಿಂದ, ಯಾವ ಚಿಪ್ಪಿಗೆ ಅನ್ನೋದು ಬೇಕು. ಪಾಣಿನಿಗೆ ಆ ತೊಂದರೆ ಇರಲಿಲ್ಲ.”

“ಇತ್ತಮ್ಮಾ. ಪ್ರಾಚ್ಯರು ಹೀಗಂತಾರೆ, ಉದೀಚ್ಯರು ಹಾಗಂತಾರೆ ಅಂತ ಅವನೂ ಬರೆದಿದಾನೆ.”

ಪ್ರಯೋಗದ ವಿಷಯದಲ್ಲಿ ಕೇಶಿರಾಜನ ದಾರಿ ನನಗೆ ಹಿಡಿಸಿತು. ಕೈಪಿಡಿಗಳಲ್ಲಿ ಉದಾಹರಣೆಗೆಂದು ಅರ್ಥವಿಲ್ಲದ ಹೆಸರಿಟ್ಟು ಎರಡು ಸಾಲು ಬರೆದಿರುತ್ತಾರೆ. ಅದನ್ನು ಬಿಟ್ಟು ನಮ್ಮ ಸ್ಟಾರ್ಟರಿನ ಕೋಡಿನಲ್ಲಿ ಇದು ಎಲ್ಲೆಲ್ಲಿ ಹಚ್ಚಿದೆ ಎಂದು ನಿಜವಾದ ಸಾಲುಗಳನ್ನೇ ತೋರಿಸಿದರೆ ಹುಡುಗರು ಅಲ್ಲಿಗೆ ಹೋಗಿ ನೋಡಬಹುದು.

ಕನ್ನಡದಲ್ಲಿ ಬರೆಯುವುದೋ ಇಂಗ್ಲಿಷಿನಲ್ಲೋ ಎಂಬುದು ಉಳಿದಿತ್ತು. ನಮ್ಮ ಹುಡುಗರಲ್ಲಿ ಒಬ್ಬ ಕುಂಸಿ ಕಡೆಯವನು, ಇನ್ನೊಬ್ಬ ಭದ್ರಾವತಿಯವನು. ಇಬ್ಬರೂ ಇಂಗ್ಲಿಷಿನಲ್ಲಿ ಕೈಪಿಡಿ ಓದಬಲ್ಲರು. ಓದಿದ್ದರ ಮೇಲೆ ಜಗಳ ಆಡುವುದು, ಇದು ಇಲ್ಲಿ ನಡೆಯಲ್ಲ ಕಣೋ ಎನ್ನುವುದು ಮಾತ್ರ ಕನ್ನಡದಲ್ಲಿ. ಎಲ್ಲಿ ಹಚ್ಚಬಾರದು ಎಂಬ ಮಾತು ಜಗಳದ ಮಾತು. ಅದು ಅವರು ಜಗಳ ಆಡುವ ಭಾಷೆಯಲ್ಲೇ ಇರಲಿ ಎಂದು ನನಗೆ ಅನಿಸುತ್ತದೆ.

ಮೇಷ್ಟ್ರು ಎರಡೂ ಕಡೆ ತೂಗಿದರು. ಭಟ್ಟಾಕಳಂಕ 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ, ದೂರದ ವಿದ್ವಾಂಸರಿಗೂ ತಲುಪಲಿ ಎಂಬ ಲೆಕ್ಕ ಅವನದ್ದಿರಬಹುದು. ಕೇಶಿರಾಜ ಕನ್ನಡದಲ್ಲೇ ಬರೆದ. “ಇಬ್ಬರೂ ಬೇಕು. ಆದ್ರೆ ಪಾಠ ಹೇಳೋವಾಗ ನಾನು ತೆಗೀತಿದ್ದಿದ್ದು ಕೇಶಿರಾಜನ್ನೇ.” ಗುರುತುಗಳ ಹೆಸರು ಇದ್ದಂತೆಯೇ ಇರಲಿ, ವೃತ್ತಿ ಕನ್ನಡದಲ್ಲಿರಲಿ ಎಂದು ತೀರ್ಮಾನವಾಯಿತು. ಸಿ ಫೈಲಿನ ಟಿಪ್ಪಣಿಯಲ್ಲಿ ಕನ್ನಡ ಬರೆದರೆ ಕಂಪೈಲರಿಗೆ ಯಾವ ತಕರಾರೂ ಇಲ್ಲ, ಟಿಪ್ಪಣಿಯನ್ನು ಅದು ದಾಟಿಕೊಂಡು ಹೋಗುತ್ತದೆ.

ಅಲ್ಲೇ ನಿಂತು ಪ್ಯೂರ್‌ಗೆ ಒಂದು ಕರಡು ಕಟ್ಟಿದೆವು. ನಾನು ಹೇಳುತ್ತ ಹೋದೆ, ಅವರು ತಡೆಯುತ್ತ ಹೋದರು.

ಸೂತ್ರ: ಹೊರಗೆ ಏನನ್ನೂ ಬದಲಿಸದ, ಪ್ರೋಗ್ರಾಮಿನ ಸ್ಥಿತಿ ಬದಲಾಗದಿದ್ದರೆ ಅದೇ ಉತ್ತರ ಕೊಡುವ ಫಂಕ್ಷನ್ನಿಗೆ ಪ್ಯೂರ್. ವೃತ್ತಿ: ಇದನ್ನು ಹಚ್ಚಿದರೆ ಕಂಪೈಲರು ಕರೆಗಳ ಸಂಖ್ಯೆ ಕಡಿಮೆ ಮಾಡಬಹುದು, ನೀವು ಬರೆದಷ್ಟು ಸಲ ಅದು ಓಡುತ್ತದೆಂದು ನೆಚ್ಚಬೇಡಿ, ಹಚ್ಚಿದ್ದು ಸರಿಯೇ ಎಂದು ಅದು ನೋಡಿಕೊಡುವುದಿಲ್ಲ. ಪ್ರಯೋಗ: ಸಂದೇಶದ ಉದ್ದ ಎಣಿಸುವ ಫಂಕ್ಷನ್. ಪ್ರತ್ಯುದಾಹರಣೆ: ಫೈಲು ಮುಗಿಯಿತೇ ಎಂದು ನೋಡುವ ಫಂಕ್ಷನ್, ಗಡಿಯಾರ ಓದುವ ಫಂಕ್ಷನ್, ಬೋರಿನ ನೀರಿನ ಮಟ್ಟ ಓದುವ ಫಂಕ್ಷನ್.

“ಬೋರಿಂದು ಮೊದಲು ಹಾಕು” ಎಂದರು ಮೇಷ್ಟ್ರು. “ನಮ್ಮ ಹುಡುಗರಿಗೆ ಮೋಟಾರ್ ಸುಟ್ಟಿದ್ದು ಗೊತ್ತಿರತ್ತೆ, ಫೈಲು ಮುಗಿಯೋದೆಲ್ಲ ಆಮೇಲೆ. ಮತ್ತೆ ‘ನೆಚ್ಚಬೇಡಿ’ ಅಂತ ಯಾಕೆ ಮೆತ್ತಗೆ ಬರೀತೀಯ? ಹಚ್ಚಿದ್ರೆ ಮೋಟಾರ್ ನಿಲ್ಲದೆ ಹೋಗಬಹುದು ಅಂತಾನೇ ಬರಿ.”

ಹಾಗೇ ಬರೆದೆ. ನಾನ್‌ನಲ್ ನಾಳೆಗೆ ಇಟ್ಟುಕೊಂಡಿದ್ದೇವೆ, ಅಡಿಕೆ ಹೆಕ್ಕಿದ ಮೇಲೆ.